ಪುಸ್ತಕದಲ್ಲಿಲ್ಲದ ಬಂಗಾಳಿ

ಕುಂದಾಪುರದ ಬಸ್ಸಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಶೇಫಾಲಿ. ಪಶ್ಚಿಮ ಬಂಗಾಳದ ಕೂಚ್ ಬಿಹಾರದಿಂದ ಬಂದು ಉಪ್ಪುಂದದಲ್ಲಿ ನಮ್ಮ ನೆರೆಮನೆಯಲ್ಲಿರುವ ಅವಳೇ ನನಗೆ ಬಂಗಾಳಿ ಓದಲು, ಬರೆಯಲು ಕಲಿಸುತ್ತಿರುವವಳು.

ನಾವುಂದ ದಾಟುವಾಗ ನಾನು ಪುಸ್ತಕ ನೋಡಿ ‘ಆಮಿ ಜಾಯಿ’ ಎಂದು ಓದಿದೆ. ನಾನು ಹೋಗುತ್ತೇನೆ ಎಂದರ್ಥ. ಅವಳು ನಕ್ಕು, ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: “ನಮ್ಮೂರಲ್ಲಿ ‘ಮುಯಿ ಜಾಂಗ್’ ಅಂತೇವೆ.”

ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿದರು. “ನಾ ಕೋಲ್ಕತ್ತದಗೆ ಇದ್ದವ. ಇದ್ ಅಲ್ಲಿನ್ ಭಾಷಿ ಅಲ್ಲ. ಇವ್ಳ್ ಬಾಂಗ್ಲಾದೇಶದ ಗಡಿ ಆಚಿಂದ್ ಬಂದವ್ಳೇ.”

ಅಷ್ಟು ಕನ್ನಡ ಶೇಫಾಲಿಗೆ ಅರ್ಥವಾಗುತ್ತದೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ಹ್ವಾಯ್, ‘ಹೋಗುತ್ತೇನೆ’ ಅಂಬ್ದಕ್ಕೆ ನೀವ್ ‘ಹೋತೆ’ ಅಂತ್ರಿ ಅಲ್ದಾ? ಅದ್ ಯಾವ ಪುಸ್ತಕದಗಿತ್? ಬೆಂಗ್ಳೂರಿನವ್ರ್ ಕೇಂಡ್ರೆ ನೀವ್ ಕನ್ನಡದವ್ರೇ ಅಲ್ಲ ಅಂಬ್ರ್. ಆಗ ಎಂತ ಮಾಡ್ತ್ರಿ?”

ಅವರು ಮುಂದಕ್ಕೆ ತಿರುಗಿ ಮೊಬೈಲ್ ತೆಗೆದರು. ಸುತ್ತಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎಂದು ನಾನು ಪುಸ್ತಕ ಮುಚ್ಚಿಟ್ಟು, ಇಡೀ ಬಸ್ಸಿಗೆ ಕೇಳುವಂತೆ “ಮುಯಿ ಕುಂದಾಪುರ ಜಾಂಗ್” ಎಂದೆ.

ಶೇಫಾಲಿ ಈ ಕಡೆ ತಿರುಗಿ, ನನಗಿಂತ ಗಟ್ಟಿ ದನಿಯಲ್ಲಿ ನನ್ನ ಉಚ್ಚಾರ ತಿದ್ದಿದಳು.