ಕಾಕಾನ ಕಿವಿಯ ಹವಾಲ್ದಾರ

ನಿನ್ನೆ ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತರುಣ ಬಂದು ಕೂತ. ಕೊರಳಲ್ಲಿ ತುಳಸಿ ಮಣಿಯ ಮಾಲೆ, ಬಾಯಲ್ಲಿ ಸೇಂದಿಯ ಹುಳಿ ವಾಸನೆ. ನಮ್ಮ ಕಡೆ ಇವೆರಡೂ ಒಬ್ಬನಲ್ಲೇ ಇರುವಂತಿಲ್ಲ. ಮಾಲೆ ಹಾಕಿಸಿಕೊಂಡವನೆಂದರೆ ಕುಡಿತ ಬಿಟ್ಟೆನೆಂದು ದೇವರ ಮುಂದೆ ಆಣೆ ಮಾಡಿದವನು. ಅವನು ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಯಾರಿಗೋ ಬೈಯುತ್ತಿದ್ದ. ಹೊರಗೆ ತೊಗರಿ ಹೊಲ ಬಿಟ್ಟರೆ ಯಾರೂ ಇರಲಿಲ್ಲ. ಬೇರೆಯವರ ಮಾತಿಗೆ ಕಿವಿಗೊಡುವುದು ನನ್ನ ಹಳೆಯ ಚಟ. ಇದಕ್ಕೆ ಮದ್ದು ಕೊಡುವ ದವಾಖಾನೆ ಇನ್ನೂ ಸಿಕ್ಕಿಲ್ಲ ನೋಡಿ. ಕೇಳುತ್ತ ಕೇಳುತ್ತ ಕಾಕಾ ನೆನಪಾದ.

ಕಾಕಾ ಎಂದರೆ ಅಪ್ಪನ ತಮ್ಮ, ಖಟಕ ಚಿಂಚೋಳಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯ. ನಿಜಾಮನ ಆಡಳಿತ ಮುಗಿಯುವಾಗಿನ ಗದ್ದಲದಲ್ಲಿ ಅವನು ಏನು ನೋಡಿದ್ದನೋ, ಯಾರಿಗೂ ಹೇಳಲಿಲ್ಲ. ಆಮೇಲೆ ಅವನ ಕಿವಿಯಲ್ಲಿ ಒಬ್ಬ ಹವಾಲ್ದಾರ ಬಂದು ಠಾಣೆ ಹೂಡಿದ. ಏಳು ಅನ್ನುವನಂತೆ, ಓಡು ಅನ್ನುವನಂತೆ, ಬಾವಿಗೆ ಹಾರು ಅನ್ನುವನಂತೆ. "ಸೇಂದಿ ಕುಡದ್ರ ಅಂವಾ ಮಲಗ್ತಾನ. ಅದಕ್ಕೇ ಕುಡೀತೇನಿ," ಎನ್ನುತ್ತಿದ್ದ ಕಾಕಾ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತೆಂದು ಊರಲ್ಲಿ ಪೇಢೆ ಹಂಚಿದಾಗ ಅವನ ಪ್ರಶ್ನೆ ಒಂದೇ: "ಸರಕಾರನೇ ಬದಲಾತು, ಈ ಹವಾಲ್ದಾರಗ ಬದ್ಲಿ ಇಲ್ಲೇನ್ರಿ?" ಎಲ್ಲರೂ ನಕ್ಕರು. ಅವನ ಹೆಂಡತಿ, ನಮ್ಮ ಕಾಕಿ, ನಗಲಿಲ್ಲ. ಹಿಂದಿನ ವಾರವಷ್ಟೇ ಅವನನ್ನು ಬಾವಿಯ ಕಟ್ಟೆಯಿಂದ ಎಳೆದು ತಂದವಳು ಅವಳು.

ಪೇಟೆಯ ವೈದ್ಯರೊಬ್ಬರ ಹತ್ತಿರ ಕರೆದೊಯ್ದಳು. "ಮೊದಲ ಕುಡಿಯೋದು ಬಿಡಸ್ರಿ, ಆಮ್ಯಾಲ ತಲಿ ನೋಡ್ತೇನಿ," ಎಂದರು ಅವರು. ಕುಡಿತ ಬಿಡಿಸಲು ನಮಗೆ ಗೊತ್ತಿದ್ದ ಚಿಕಿತ್ಸೆ ಮಾಲೆಯೊಂದೇ. ಔರಾದ ಕಡೆಯ ಸಂತರೊಬ್ಬರು, ಮಂದಿ ಮಹಾರಾಜರೆಂದು ಕರೆಯುತ್ತಿದ್ದವರು, ಮಾಲೆ ಹಾಕುತ್ತಿದ್ದರು. ಅವರು, "ಆಣಿ ಮಾಡ್ಲಿಕ್ಕ ತಲಿ ನೆಟ್ಟಗ ಇರಬೇಕವ್ವಾ. ಮೊದಲ ತಲಿ ಸರಿ ಮಾಡಸ್ಕೊಂಡು ಬಾ," ಎಂದರು. ಅತ್ತ ದರಿ, ಇತ್ತ ಪುಲಿ. ಕಾಕಿ ಅವರ ಹೊಸ್ತಿಲಲ್ಲೇ ಕೂತುಬಿಟ್ಟಳು. ಕಡೆಗೆ ಮಹಾರಾಜರೇ ಸೋತು ಮಾಲೆ ಹಾಕಿದರು.

ಕಾಕಾ ಖರೇನೇ ಬಿಟ್ಟ. ಬಿಟ್ಟ ಮೇಲೆ ಶುರುವಾಯಿತು ನೋಡಿ! ಮೈಯೆಲ್ಲ ನಡುಕ, ಬೆವರು. ಗಾಳಿಯಲ್ಲಿ ಏನೋ ಹಿಡಿಯುತ್ತಾನೆ, ಚೀರುತ್ತಾನೆ. "ಮೈಮ್ಯಾಲ ದೇವರು ಬಂದಾದ!" ಎಂದು ಊರೇ ನೆರೆಯಿತು. ಕೊರಳಲ್ಲಿ ಹೊಸ ಮಾಲೆ, ಮೈಯಲ್ಲಿ ನಡುಕ, ಇನ್ನೇನು ಬೇಕು? ಕಾಯಿ ಒಡೆದರು. ಮಳೆ ಕೇಳಿದರು, ಮಗಳ ಮದುವೆ ಕೇಳಿದರು. ನಾನೂ ಕೈಮುಗಿದು, ಪರೀಕ್ಷೆಯಲ್ಲಿ ಪಾಸಾಗುತ್ತೇನೆಯೇ ಎಂದು ಕೇಳಿದೆ. ಕಾಕಾ "ಓಡು!" ಎಂದ. ಅದು ಹವಾಲ್ದಾರನ ಮಾತೆಂದು ನನಗೆ ಹೊಳೆಯಲೇ ಇಲ್ಲ.

ಕಾಕಿ ಮಂದಿಯನ್ನು ನೂಕಿಕೊಂಡು ಬಂದಳು. "ದೇವರು ಇಷ್ಟು ಅಂಜ್ತಾನೇನ್ರೋ? ಮನುಷ್ಯಾ ಸಾಯ್ಲಿಕತ್ತಾನ. ಬಂಡಿ ಹೂಡ್ರಿ!"

ಬೀದರಿನ ದವಾಖಾನೆಗೆ ಮೈಸೂರು ಕಡೆಯ ಹೊಸ ವೈದ್ಯರು ಬಂದಿದ್ದರು. ಅವರೂ ಅದೇ ರಾಗ ತೆಗೆದರು: "ಕುಡಿತದ್ದು ಬೇರೆ, ತಾಯಿ, ಮನಸ್ಸಿನ ಕಾಯಿಲೆ ಬೇರೆ. ಅದಕ್ಕೆ ಬೇರೆ ಊರಿಗೇ ಹೋಗಬೇಕು."

ಕಾಕಿ ಸೆರಗಿನಿಂದ ಕಾಕಾನ ಬೆವರು ಒರೆಸುತ್ತ ಹೇಳಿದಳು: "ಮನುಷ್ಯಾ ಒಬ್ಬನೇ ಇದ್ದಾನರಿ ಸಾಹೇಬ್ರ. ಅರ್ಧಾ ಇಲ್ಲಿ ಬಿಟ್ಟು, ಅರ್ಧಾ ಎಲ್ಲಿಗೆ ಒಯ್ಯಲಿ?"

ವೈದ್ಯರು ಅವಳ ಮುಖ ನೋಡಿದರು. ಆಮೇಲೆ ತಾವೇ ಎದ್ದು ಬಂದು ಕಾಕಾನ ತೋಳು ಹಿಡಿದು, "ಒಳಗೆ ಕರ್ಕೊಂಡು ಬನ್ನಿ," ಎಂದರು.

ಕುಡಿತಕ್ಕೂ ತಲೆಗೂ ಅಲ್ಲೇ ಒಟ್ಟಿಗೆ ಮದ್ದು ನಡೆಯಿತು, ಕಾಕಾ ಉಳಿದ. ಬಹಳ ವರ್ಷ ಬದುಕಿದ. ಹವಾಲ್ದಾರ ಪೂರ್ತಿ ಹೋದನೇ ಎಂದು ಕೇಳಿದರೆ, "ರಿಟೈರ್ ಆಗ್ಯಾನ. ಪಿಂಚಣಿ ಕೇಳ್ಲಿಕ್ಕ ಆಗಾಗ ಬರ್ತಾನ," ಎಂದು ನಗುತ್ತಿದ್ದ.

ಇಷ್ಟು ನೆನೆಯುವಷ್ಟರಲ್ಲಿ ಬಸ್ಸು ನೌಬಾದದ ಹತ್ತಿರ ಬಂದಿತ್ತು. ತಡೆಯಲಾರದೆ ತರುಣನನ್ನು ಕೇಳಿದೆ: "ಕಿವ್ಯಾಗ ಯಾರರೆ ಮಾತಾಡ್ತಾರೇನಪಾ?"

ಅವನು ಬೆಚ್ಚಿ ತಿರುಗಿದ. "ನಿಮಗ ಹ್ಯಾಂಗ ಗೊತ್ತಾತ್ರಿ? ದವಾಖಾನಿಗೆ ಹೋಗಿದ್ದೆರಿ. ಮೊದಲ ಕುಡಿಯೋದು ಬಿಟ್ಟು ಬಾ ಅಂದ್ರು. ಬಿಟ್ರ ಆ ದನಿ ಮಲಗಗೊಡಂಗಿಲ್ರಿ."

ಇಷ್ಟು ವರ್ಷವಾದರೂ ಅದೇ ಮಾತು! ನನಗೆ ಸಿಟ್ಟು ನೆತ್ತಿಗೇರಿತು.

"ಅಜ್ಜಾರ, ನೌಬಾದ ಬಂತು, ಇಳೀರಿ," ಎಂದ ಕಂಡಕ್ಟರ್. ನನ್ನ ಮನೆ ಅಲ್ಲೇ.

"ಇಳಿಯಂಗಿಲ್ಲಪಾ. ಮುಂದ ದವಾಖಾನಿ ತನಕ ಟಿಕೀಟ ಕೊಡು," ಎಂದು ತರುಣನ ತೋಳು ಹಿಡಿದೆ. "ಇವನ ಜೋಡಿ ಹೋಗಿ ನಮ್ಮ ಕಾಕಿ ಮಾತು ಹೇಳೋದದ."