ಆಕ್ಸಿಲರೇಟರ್ ತಂತಿ ಹಿಡಿದು ಗುಬ್ಬಿಗೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಕುಣಿಗಲ್‌ನಲ್ಲಿದ್ದೆವು. ಯಜಮಾನರು ತಾಲ್ಲೂಕು ಕಚೇರಿಯ ಗುಮಾಸ್ತರು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಮೋಟಾರ್ ಸೈಕಲ್ಲೊಂದನ್ನು ತಂದಿಟ್ಟುಕೊಂಡಿದ್ದರು.

ಒಂದು ಬೆಳಿಗ್ಗೆ ಗುಬ್ಬಿಯಿಂದ ಅಣ್ಣನ ಟೆಲಿಗ್ರಾಂ ಬಂತು. ಅಮ್ಮನಿಗೆ ತೀರಾ ಹುಷಾರಿಲ್ಲ, ಕೂಡಲೇ ಬಾ. ಗುಬ್ಬಿಗೆ ತುಮಕೂರಿನ ಮೇಲೇ ಹೋಗಬೇಕು. ತುಮಕೂರಿನ ಬಸ್ಸು ಆಗಲೇ ಹೋಗಿತ್ತು, ಇನ್ನೊಂದು ಹನ್ನೊಂದಕ್ಕೆ.

"ಗಾಡೀಲೇ ಹೋಗೋಣ ನಡಿ. ಬಸ್ಸಿಗಿಂತ ಮುಂಚೆ ಸೇರ್ಕೋತೀವಿ" ಎಂದರು.

ದಾರಿಯ ನಡುವಿನ ಹೆಬ್ಬೂರು ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಕೂಡಿಸಿದರು. ಒಂದು ಮೈಲಿ ಓಡಿ ಮತ್ತೆ ನಿಂತಿತು. ಹೀಗೆ ಮೂರು ಸಲ. ಅಷ್ಟರಲ್ಲಿ ಹನ್ನೊಂದರ ಬಸ್ಸೇ ಬಂತು. ಕೈ ಅಡ್ಡ ಹಿಡಿದೆವು. ಬಾಗಿಲಲ್ಲೂ ಜನ ಜೋತುಬಿದ್ದಿದ್ದರು, ಧೂಳೆಬ್ಬಿಸಿಕೊಂಡು ಹೋಗಿಬಿಟ್ಟಿತು.

ಆಮೇಲೆ ಅವರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಉಸ್ಸೆಂದು ಸದ್ದಾಯಿತು.

"ಇಷ್ಟೇ ಕಣೇ. ಮುಚ್ಚಳದ ತೂತು ಕಟ್ಕೊಂಡಿದೆ. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳೀತಿಲ್ಲ."

ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದುಕೊಂಡು ಆ ತೂತು ಬಿಡಿಸಿದರು.

ಹೆಬ್ಬೂರು ದಾಟಿದ ಮೇಲೆ ಆಕ್ಸಿಲರೇಟರ್ ತಂತಿ ಹ್ಯಾಂಡಲ್ ಹತ್ತಿರ ತುಂಡಾಯಿತು. ಎಂಜಿನ್ ಕಡೆಯ ತುದಿಯನ್ನು ಸೀಟಿನ ಕೆಳಗೆ ತಂದು, ಒಂದು ಕಡ್ಡಿ ಕಟ್ಟಿ, "ನಾನು ಹೇಳ್ದಾಗ ಎಳಿ, ಹೇಳ್ದಾಗ ಬಿಡು" ಎಂದರು. ಹೆಂಗಸರು ಎರಡೂ ಕಡೆ ಕಾಲು ಹಾಕಿ ಕೂರುವ ಕಾಲವಲ್ಲ ಅದು. ಆದರೂ ಹಾಗೇ ಕೂತೆ. ಒಂದು ಕೈ ಅವರ ಭುಜದ ಮೇಲೆ, ಇನ್ನೊಂದರಲ್ಲಿ ತಂತಿ.

ತುಮಕೂರಿನ ಮೆಕ್ಯಾನಿಕ್ಕು ನೋಡಿ, "ಈ ಕೇಬಲ್ ಇಲ್ಲೆಲ್ಲೂ ಸಿಗಲ್ಲ ಸ್ವಾಮಿ, ಬೆಂಗ್ಳೂರಿಂದ ತರಿಸ್ಬೇಕು" ಎಂದ. ಗುಬ್ಬಿ ಬಸ್ಸಿಗೆ ಕಾಯೋಣ ಎಂದರು ಯಜಮಾನರು. ಕಾಯುತ್ತಾ ನಿಲ್ಲಲು ನನ್ನಿಂದಾಗಲಿಲ್ಲ.

"ನಾನೇ ಎಳೀತೀನಿ, ನಡೀರಿ."

ಗುಬ್ಬಿ ದಾರಿಯಲ್ಲಿ ಹೆಗ್ಗೆರೆ ಹತ್ತಿರ ತಂತಿ ಇನ್ನೊಮ್ಮೆ ತುಂಡಾಗಿ, ಕಟ್ಟಲು ಉದ್ದ ಸಾಲಲಿಲ್ಲ. ಗಾಡಿಯನ್ನು ಅಲ್ಲೇ ಒಂದು ಮನೆಯ ಮುಂದೆ ಬಿಟ್ಟು, ಸಿಕ್ಕಿದ ಲಾರಿ ಹತ್ತಿದೆವು. ಗುಬ್ಬಿಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು.

ಅಣ್ಣ ಬಾಗಿಲಲ್ಲಿ ನಿಂತಿದ್ದ. "ಮಧ್ಯಾಹ್ನದವರೆಗೂ ಮಾತಾಡ್ತಿದ್ಲು ಕಣಮ್ಮ. ನಿನ್ನ ಹತ್ರ ಏನೋ ಹೇಳ್ಬೇಕು ಅಂತಿದ್ಲು. ಏನು ಅಂತ ಕೇಳಿದ್ರೆ, ಅವಳು ಬರ್ಲಿ ಅಂದ್ಲು. ಈಗ ಮಾತು ನಿಂತೋಗಿದೆ."

ಅಮ್ಮ ನನ್ನನ್ನು ಗುರುತು ಹಿಡಿದಳು. ತುಟಿ ಅಲುಗಿತು. ಕಿವಿಯಿಟ್ಟು ಕೇಳಿದೆ, ಬರೀ ಉಸಿರು. ಮೂರು ದಿನ ಹತ್ತಿರವೇ ಕೂತು "ಏನಮ್ಮಾ" ಎಂದು ಕೇಳುತ್ತಲೇ ಇದ್ದೆ. ನಾಲ್ಕನೆಯ ದಿನ ಕೇಳುವುದನ್ನು ಬಿಟ್ಟೆ. ಮಾರನೆಯ ಬೆಳಿಗ್ಗೆ ಅವಳು ಹೋದಳು.