ಮುದ್ದೆ ನುಂಗಲು ಕಲಿಸಿದ ಅಕ್ಕ

ನಾಗಮಂಗಲದಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗೆ ಒಂದು ಸಣ್ಣ ಹೋಟೆಲಿದೆ. ಹೋದ ವಾರ ಮಧ್ಯಾಹ್ನ ಅಲ್ಲಿ ಅಡುಗೆಯವನು ಒಲೆ ಮರೆತು ಯಾರ ಜೊತೆಗೋ ಮಾತಿಗೆ ನಿಂತಿರಬೇಕು. ರಾಗಿ ಹಿಟ್ಟು ತಳ ಹಿಡಿದು ಸೀದ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂತು. ಬೇರೆಯವರಾದರೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ನಾನು ಕೈಯಲ್ಲಿದ್ದ ಪೇಪರು ಮಡಿಸಿಟ್ಟು ಸುಮ್ಮನೆ ಕೂತುಬಿಟ್ಟೆ...

ಪಾಂಡವಪುರದ ಮೆಸ್ಸಿನ ಅಕ್ಕ ಮುದ್ದೆ ಪಾತ್ರೆಯ ತಳವನ್ನು ಬೇಕೆಂದೇ ಸ್ವಲ್ಪ ಸೀಯಲು ಬಿಡುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಆ ಗರಿಗರಿ ಪದರವನ್ನು ಕೆರೆದು, ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿನ್ನುವುದು ಅವಳಿಗೆ ಹಬ್ಬ. ಅದನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಅವಳನ್ನು ನಾನು ಏಕವಚನದಲ್ಲಿ ನೆನೆಯುತ್ತಿದ್ದೇನೆ. ಒಂದು ಸಲ ‘ನೀವು’ ಎಂದಿದ್ದಕ್ಕೆ, “ಅಕ್ಕ ಅಂದ್ಮೇಲೆ ನೀವು ಯಾವ್ದು?” ಎಂದು ಬೈದಿದ್ದಳು.

ನೀರಾವರಿ ಇಲಾಖೆಯ ಕೆಲಸಕ್ಕೆಂದು ನಾನು ಪಾಂಡವಪುರಕ್ಕೆ ಹೋದಾಗ ಮುದ್ದೆ, ಅಲ್ಲಿಯವರ ಬಾಯಲ್ಲಿ ‘ಇಟ್ಟು’, ಉಣ್ಣುವುದು ನನಗೆ ಬರುತ್ತಿರಲಿಲ್ಲ. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನವೇ. ಮೊದಲ ದಿನ ಮುದ್ದೆಯನ್ನು ಅಗಿದು ಅಗಿದು, ಹಲ್ಲಿಗೆಲ್ಲ ಮೆತ್ತಿಕೊಂಡು ಒದ್ದಾಡುತ್ತಿದ್ದೆ. ಪಕ್ಕದವರು ಮುಸಿಮುಸಿ ನಗುತ್ತಿದ್ದರು. ಅಕ್ಕ ಸೌಟು ಹಿಡಿದು ನನ್ನ ಮುಂದೆ ಬಂದು ನಿಂತಳು.

“ಅಗೀಬ್ಯಾಡ ಕಣಪ್ಪ. ಸಾರಲ್ಲಿ ಅದ್ದು, ನುಂಗು. ಗಂಟ್ಲು ಇರೋದು ಯಾತಕ್ಕೆ?”

ಅವಳ ಗಂಡ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಶೀಳನೆರೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ತಮ್ಮನೊಬ್ಬನೇ ಅವಳಿಗೆ ದಿಕ್ಕು. ಮೆಸ್ಸಿಗೆ ರಾಗಿ ಬರುತ್ತಿದ್ದುದೂ ಅವನ ಹೊಲದಿಂದಲೇ. ಒಂದು ದಿನ ಮುದ್ದೆ ತೊಳಸುತ್ತಿದ್ದವಳು ಕೋಲು ಹಿಡಿದೇ ಕುಸಿದುಬಿದ್ದಳು. ಮೈಸೂರಿಗೆ ಕರೆದುಕೊಂಡು ಹೋದರೆ ಎದೆಬಡಿತ ತೀರಾ ನಿಧಾನವಾಗಿದೆ, ತನ್ನಷ್ಟಕ್ಕೆ ಅದು ನಡೆಯುವುದಿಲ್ಲ ಎಂದರು. ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಇಟ್ಟು, ಅದರ ತಂತಿಯನ್ನು ಹೃದಯಕ್ಕೆ ಇಳಿಸಿದರು. ವಾಪಸು ಬಂದವಳು ಊಟಕ್ಕೆ ಕೂತ ನಮಗೆಲ್ಲ ಸುದ್ದಿ ಹೇಳಿದ್ದು ಹೀಗೆ: “ನಂಗೂ ಪಂಪ್‌ಸೆಟ್ಟು ಆಕವ್ರೆ ಕಣ್ರಪ್ಪ. ನಿಮ್ಮ ಮೋಟ್ರಂಗಲ್ಲ, ಕರೆಂಟು ಓದ್ರೂ ನಿಲ್ಲಾಕಿಲ್ಲ.”

ಅದಾಗಿ ಎಷ್ಟೋ ಕಾಲ ಎಲ್ಲವೂ ಸರಿಯಿತ್ತು. ಆಮೇಲೊಂದು ದಿನ ಅವಳು ಆ ಸೀದ ಪದರವನ್ನು ತಂದು ನನ್ನ ತಟ್ಟೆಗೆ ಹಾಕಿದಳು. ಮಾರನೆಯ ದಿನವೂ ಹಾಕಿದಳು. ಅಕ್ಕನಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ನಾನು ಬೀಗಿದೆ.

ಅಡುಗೆ ಮಾಡಿದವಳು ಕೊನೆಗೆ ಉಣ್ಣುವುದು ನಮ್ಮ ಕಡೆಯ ರೂಢಿ. ಎಲ್ಲರೂ ಕೈತೊಳೆದು ಹೋದ ಮೇಲೆ ಅಕ್ಕ ಒಳಗೆ, ಬಾಗಿಲಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದಳು. ಅವಳು ಎಷ್ಟು ಉಣ್ಣುತ್ತಾಳೆ ಎಂದು ನೋಡಿದವರೇ ಇಲ್ಲ. ಮುದ್ದೆ ಎದೆಯ ನಡುವೆ ಸಿಕ್ಕಿಕೊಳ್ಳಲು ಶುರುವಾದಾಗ ಅವಳು ಮಜ್ಜಿಗೆ ಕುಡಿದು ಇಳಿಸಿದಳು. ಇಳಿಯದಾದಾಗ ಹಿಟ್ಟನ್ನೇ ತೆಳ್ಳಗೆ ಮಾಡಿ ಅಂಬಲಿ ಕುಡಿದಳು. ಬೇಸಿಗೆಯಾಗಿದ್ದರಿಂದ ಅಂಬಲಿ ತಂಪು ಎಂದು ಎಲ್ಲರೂ ತಲೆಯಾಡಿಸಿದರು. ಅವಳಿಗೂ ಒಂದು ಕಾರಣ ಸಿಕ್ಕಿತ್ತು. ಎದೆಯೊಳಗೆ ತಂತಿ ಇಳಿಬಿಟ್ಟಿದ್ದಾರೆ, ಮುದ್ದೆ ಇಳಿಯುವ ದಾರಿಗೆ ಅದು ಅಡ್ಡ ಬಂದಿದೆ! ತಮ್ಮನೂ ಹೌದೆಂದ. ಅಗಿದು ತಿನ್ನುವವರಾಗಿದ್ದರೆ ಗಂಟಲನ್ನೇ ಮೊದಲು ಅನುಮಾನಿಸುತ್ತಿದ್ದರೋ ಏನೋ. ಮುದ್ದೆ ನುಂಗುವವರಿಗೆ ತಮ್ಮ ಗಂಟಲಿನ ಮೇಲೆ ಎಲ್ಲಿಲ್ಲದ ನಂಬಿಕೆ. ತಪಾಸಣೆಗೆ ಹೋದಾಗ ಹೃದಯದ ಡಾಕ್ಟರು ತಂತಿ ಸರಿಯಾಗಿಯೇ ಇದೆ, ಹೊಟ್ಟೆಯ ಡಾಕ್ಟರಿಗೆ ತೋರಿಸಿ ಎಂದರಂತೆ. “ತಾವೇ ಇಕ್ಕಿದ್ದು, ಸರಿಯಿಲ್ಲ ಅಂತಾರ?” ಎಂದು ಅಕ್ಕ ನಕ್ಕು ಮನೆಗೆ ಬಂದಳು.

ನೀರೂ ಇಳಿಯದಾದ ಮೇಲೆ ತಮ್ಮ ಹಟಮಾಡಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ಕೆಳಭಾಗದಲ್ಲಿ ಕ್ಯಾನ್ಸರು. ಅವಳ ಹೃದಯ ದೊಡ್ಡ ಆಪರೇಷನ್ನು ತಡೆಯುವುದಿಲ್ಲ, ರೇಡಿಯೇಷನ್ನೇ ದಾರಿ ಎಂದರು. ದಾರಿ ಒಂದಾದರೂ ಇದೆಯಲ್ಲ ಎಂದು ನಾವು ಉಸಿರುಬಿಟ್ಟೆವು.

ಆದರೆ ಆ ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಅವಳ ಕೊರಳೆಲುಬಿನ ಕೆಳಗಿನ ಉಬ್ಬನ್ನು ಕಂಡದ್ದೇ ಎಲ್ಲ ನಿಂತುಹೋಯಿತು. ಪೇಸ್‌ಮೇಕರ್ ಇರುವವರಿಗೆ ಇಲ್ಲಿ ಕೊಡುವುದಿಲ್ಲ, ಕಿರಣಕ್ಕೆ ಅದು ಕೆಟ್ಟರೆ ಜವಾಬ್ದಾರಿ ಯಾರದು ಎಂದರು. ಹಾಗಾದರೆ ಎಲ್ಲಿಗೆ ಹೋಗಬೇಕು? ಅದನ್ನು ಹೇಳಲಿಲ್ಲ. ಹೃದಯದವರನ್ನು ಕೇಳಿ ಎಂದರು. ಹೃದಯದವರು ರೇಡಿಯೇಷನ್ನಿನವರನ್ನು ಕೇಳಿ ಎಂದರು. ಅವಳ ತಮ್ಮ ಶೀಳನೆರೆಯಿಂದ ಕೆ.ಆರ್. ಪೇಟೆಗೆ ಬಂದು ಬಸ್ಸು ಹತ್ತುವುದು, ನಾನು ಆಫೀಸಿಗೆ ರಜೆ ಹಾಕಿ ಅಕ್ಕನನ್ನು ಕರೆದುಕೊಂಡು ಹೊರಡುವುದು, ಮೈಸೂರಿನಲ್ಲಿ ಮೂವರೂ ಬೆಂಚಿನ ಮೇಲೆ ಕೂರುವುದು, ಸಂಜೆ ಬರಿಗೈಯಲ್ಲಿ ವಾಪಸಾಗುವುದು. ವಾರಗಳು ಹೀಗೇ ಕಳೆದವು. ಅಕ್ಕ ದಿನದಿನಕ್ಕೆ ಒಣಗುತ್ತಿದ್ದಳು. ಆ ಬೆಂಚುಗಳನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ದಿನ ಅಕ್ಕ ಹೃದಯದ ಡಾಕ್ಟರ ಮೇಜಿನ ಮುಂದೆ ಸೆರಗು ಸರಿಸಿ ಆ ಉಬ್ಬಿನ ಮೇಲೆ ಕೈಯಿಟ್ಟಳು.

“ಇದ್ನ ತೆಗ್ದುಬುಡಿ ಸಾ. ನಿಮ್ಮ ಕಾಲು ಕಟ್ಕೋತೀನಿ.”

ತೆಗೆದರೆ ನಿಮ್ಮ ಹೃದಯ ನಡೆಯುವುದಿಲ್ಲಮ್ಮ ಎಂದರು ಡಾಕ್ಟರು.

“ಇದು ಇದ್ರೆ ಇಟ್ಟು ನುಂಗಾಕಾಗಾಕಿಲ್ಲ. ಇಲ್ದಿದ್ರೆ ಜೀವ್ವೇ ಇರಾಕಿಲ್ಲ. ನಾನು ಏನ್ ಮಾಡ್ಲಿ, ನೀವೇ ಏಳಿ ಸಾ...”

ಅವರು ಫೋನು ಕೈಗೆತ್ತಿಕೊಂಡರು. ತಾವೇ ಬೇರೊಂದು ಆಸ್ಪತ್ರೆಯ ರೇಡಿಯೇಷನ್ ಡಾಕ್ಟರ ಜೊತೆ ಮಾತಾಡಿ ನಮ್ಮನ್ನು ಅಲ್ಲಿಗೆ ಕಳಿಸಿದರು. ಆ ಫೋನನ್ನು ಮೊದಲೇ ಮಾಡಿದ್ದರೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಅಲ್ಲಿದ್ದ ಹೆಂಗಸು ಡಾಕ್ಟರು ಅಕ್ಕನ ಪಕ್ಕದಲ್ಲೇ ಕೂತು, ಸ್ಕ್ಯಾನಿನ ಚಿತ್ರದ ಮೇಲೆ ಬೆರಳಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದರು. ಗಡ್ಡೆ ಇರುವುದು ಕೆಳಗೆ, ಪೇಸ್‌ಮೇಕರಿನ ಡಬ್ಬಿ ಇರುವುದು ಮೇಲೆ. ಕಿರಣ ನೇರವಾಗಿ ಡಬ್ಬಿಯ ಮೇಲೆ ಬೀಳದ ಹಾಗೆ ದಾರಿ ಹಾಕುತ್ತೇವೆ. ಅದಕ್ಕೆ ತಾಗುವ ಕಿರಣ ಎಷ್ಟು ಎಂದು ಮೊದಲೇ ಲೆಕ್ಕ ಮಾಡುತ್ತೇವೆ. ಡಬ್ಬಿಗೆ ತೊಂದರೆ ಮಾಡುವಂಥ ಹೆಚ್ಚಿನ ಶಕ್ತಿಯ ಕಿರಣ ಬಳಸುವುದಿಲ್ಲ. ಶುರು ಮಾಡುವ ಮೊದಲು, ನಡುನಡುವೆ, ಮುಗಿದ ಮೇಲೂ ಪೇಸ್‌ಮೇಕರ್ ತಪಾಸಣೆ ಆಗುತ್ತದೆ. ಮಲಗಿರುವಷ್ಟು ಹೊತ್ತೂ ನಿಮ್ಮ ಎದೆಬಡಿತವನ್ನು ನಾವು ಹೊರಗಿನಿಂದ ನೋಡುತ್ತಿರುತ್ತೇವೆ. ಕೆಲವರಿಗೆ ಡಬ್ಬಿಯನ್ನು ಬಲಗಡೆಗೆ ಬದಲಾಯಿಸಬೇಕಾಗುತ್ತದೆ, ನಿಮಗೆ ಬೇಕಾಗಲಾರದು ಎಂದರು.

“ಬ್ಯಾಡ ಕಣವ್ವ, ಆ ಕಡೀಕೆ ಮಾತ್ರ ಬ್ಯಾಡ” ಎಂದಳು ಅಕ್ಕ. “ನಾನು ಇಟ್ಟು ತೊಳ್ಸೋದು ಬಲಗೈಲಿ.”

ಇನ್ನೂ ಮುದ್ದೆ ತೊಳಸುವ ಆಸೆ ಅವಳಿಗೆ! ಡಾಕ್ಟರೂ ನಕ್ಕರು, ನಾವೂ ನಕ್ಕೆವು. ಇಷ್ಟೇ ವಿಷಯವನ್ನು ಮೊದಲ ದಿನವೇ ಯಾರಾದರೂ ಹೀಗೆ ಕೂತು ಹೇಳಿದ್ದರೆ...

ಮೊದಲ ದಿನ ಪೇಸ್‌ಮೇಕರಿನ ಕಂಪನಿಯವನು ಸಣ್ಣ ಕಂಪ್ಯೂಟರು ತಂದು, ಅವಳ ಎದೆಯ ಮೇಲೆ ಒಂದು ಬಿಲ್ಲೆ ಇಟ್ಟು ನೋಡಿ, ಸರಿಯಿದೆ ಎಂದ. ಅವಳನ್ನು ಒಳಗೆ ಮಲಗಿಸಿ, ಎಲ್ಲರೂ ಹೊರಗೆ ಬಂದು, ಆ ದಪ್ಪ ಬಾಗಿಲು ಮುಚ್ಚಿದರು. ತೆರೆಯ ಮೇಲೆ ಹಸಿರು ಗೆರೆಯೊಂದು ಕುಪ್ಪಳಿಸುತ್ತಾ ಓಡುತ್ತಿತ್ತು. ಡಾಕ್ಟರು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ತಮ್ಮ ಗೋಡೆಗೆ ಒರಗಿ ನಿಂತಿದ್ದ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲು ತೆರೆದಾಗ ಅಕ್ಕ ತಾನೇ ಎದ್ದು ನಡೆದು ಬಂದಳು.

“ಯಾಕ್ಲಾ ಇಂಗ್ ನಿಂತಿದ್ದೀಯೆ? ಏನೂ ಆಗ್ನಿಲ್ಲ ಕಣ್ಲಾ. ಒಂದು ಇರುವೆ ಕಚ್ಚಿದಂಗೂ ಆಗ್ನಿಲ್ಲ.”

ಚಿಕಿತ್ಸೆ ಪೂರ್ತಿ ನಡೆಯಿತು. ಪೇಸ್‌ಮೇಕರ್‌ಗೆ ಕೂದಲಷ್ಟೂ ತೊಂದರೆಯಾಗಲಿಲ್ಲ. ಮುಗಿದ ಸ್ವಲ್ಪ ಕಾಲಕ್ಕೆ ಅಕ್ಕ ಗೋಲಿಯಷ್ಟು ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದಳು. ಅದು ಇಳಿಯುವುದನ್ನೇ ಕಾಯುತ್ತಾ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಇಳಿಯಿತು. ಅವತ್ತು ಅವಳು ಎಲ್ಲರ ಮುಂದೆ ಕೂತು ಉಂಡಳು.

ಆದರೆ ರೋಗ ನಮ್ಮ ಹಾಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿರಲಿಲ್ಲ. ಆ ವಾರಗಳಲ್ಲೇ ಅದು ಯಕೃತ್ತಿಗೂ ಹೋಗಿತ್ತಂತೆ. ಕೆಲವು ತಿಂಗಳಿಗೆ ಗಂಟಲು ಮತ್ತೆ ಮುಚ್ಚಿಕೊಂಡಿತು. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಆ ಒಳ್ಳೆಯ ಡಾಕ್ಟರು ಮೆಲ್ಲಗೆ ಹೇಳಿದರು. ನಾವು ಬಂದಿದ್ದೆವಲ್ಲ! ಮೈಸೂರಿಗೇ ಬಂದಿದ್ದೆವು, ಆಸ್ಪತ್ರೆಯೊಳಗೇ ಇದ್ದೆವು. ಇದನ್ನು ಯಾರಿಗೆ ಹೇಳುವುದು?

ತಮ್ಮ ಅವಳನ್ನು ಶೀಳನೆರೆಗೆ ಕರೆದುಕೊಂಡು ಹೋದ. ನಾನು ನೋಡಲು ಹೋದಾಗ ಜಗಲಿಯ ಮೇಲೆ ಕೂತು, ಒಳಗಿರುವ ಅವಳಿಗೆ ಕೇಳದ ಹಾಗೆ ಹೇಳಿದ: “ಎದೇಲಿರೋ ಮಿಷನ್ಗೆ ಇನ್ನೂ ಏಸೋ ವರ್ಷ ಆಯಸ್ಸು ಅದಂತೆ ಸಾ. ಕೊನೇ ಸಲ ನೋಡ್ದಾಗ ಏಳುದ್ರು. ನಮ್ಮಕ್ಕಂಗೆ ಮಾತ್ರ ಇಲ್ವಂತೆ...” ಅಷ್ಟು ದೊಡ್ಡ ಆಳು, ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತ.

ಒಂದು ಬೆಳಗ್ಗೆ ಅಕ್ಕ ಹೋದಳು. ಹೊಲದ ಅಂಚಿನಲ್ಲಿ, ಮೆಸ್ಸಿಗೆ ರಾಗಿ ಬೆಳೆಯುತ್ತಿದ್ದ ಆ ಹೊಲದಲ್ಲೇ ಮಣ್ಣು ಮಾಡಿದರು. ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವ ಶಾಸ್ತ್ರಕ್ಕೆ ನಾನೂ ಹೋಗಿದ್ದೆ. ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಇಡಬೇಕು. ತಮ್ಮನ ಹೆಂಡತಿ ಒಲೆಯ ಮುಂದೆ ಕೈಕಟ್ಟಿ ನಿಂತುಬಿಟ್ಟಿದ್ದಳು. ಕೊನೆಗೊನೆಗೆ ಅಕ್ಕನಿಗೆ ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ. ಗಂಜಿ ಇಡಲೋ ಮುದ್ದೆ ಇಡಲೋ ಎಂದು ಅವಳು ಗಂಡನನ್ನು ಕೇಳಿದಳು.

ಅವನು ಒಲೆಗೆ ಇನ್ನೊಂದು ಸೌದೆ ತುರುಕಿದ.

“ಇಟ್ಟೇ ಮಾಡು” ಎಂದ ಆಮೇಲೆ. “ಇನ್ಮೇಲೆ ಅವ್ಳಿಗೆ ಗಂಟ್ಲಲ್ಲಿ ಸಿಕ್ಕಾಕಳಾಕಿಲ್ಲ.”

ಹೋದ ವಾರ ಆ ವಾಸನೆ ಬಂದಾಗ ನಾನು ಕೆಳಗಿಳಿದು ಹೋದೆ. ತಳದ ಸೀದದ್ದು ಇದ್ದರೆ ಸ್ವಲ್ಪ ಕೊಡಿ ಎಂದು ಕೇಳಿದೆ. ಹೋಟೆಲಿನವನು ನನ್ನನ್ನು ವಿಚಿತ್ರವಾಗಿ ನೋಡಿ, “ಅದ್ಕೆ ನೀರು ಉಯ್ದುಬುಟ್ಟೊ ಸಾ, ಮುದ್ದೆ ಬಿಸಿ ಅದೆ, ಕೂತ್ಕಳಿ” ಎಂದ. ಕೂತೆ. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಅಕ್ಕ ಕಲಿಸಿದ ಹಾಗೆಯೇ. ಮುದ್ದೆ ಎಲ್ಲೂ ತಡೆಯಲಿಲ್ಲ, ಸಲೀಸಾಗಿ ಇಳಿದುಹೋಯಿತು. ಅಷ್ಟು ಸಲೀಸಾಗಿ ಇಳಿದದ್ದಕ್ಕೇ ನನಗೆ ಅಳು ಬಂತು.